ದಡವೇರಿದ ಯುದ್ಧನೌಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಸೀಮೆಯ ಜನರಿಗೆ ಕಡಲು ದೂರದ ಸಂಗತಿ. ಅವರು ಬಲ್ಲ ನೀರು ಕಾವೇರಿಯದು, ಹೇಮಾವತಿಯದು, ಲೋಕಪಾವನಿಯದು. ಊರೂರಿನ ಕೆರೆ ಕಾಲುವೆಗಳದು. ಅವರು ಬಲ್ಲ ನೌಕೆ ಹರಿಗೋಲು. ಬಿದಿರನ್ನು ಬುಟ್ಟಿಯಂತೆ ಹೆಣೆದು ಮೇಲೆ ಹೊದಿಕೆ ಹಾಕಿದ ಈ ದುಂಡು ದೋಣಿಗೆ ಮುಂದೆ ಯಾವುದು, ಹಿಂದೆ ಯಾವುದು ಎಂಬ ಭೇದವೇ ಇಲ್ಲ. ಹುಟ್ಟು ಹಾಕುವವನ ಕೈಚಳಕವೇ ಅದರ ಯಂತ್ರ. ಇಂಥ ಸೀಮೆಯ ಪ್ರೌಢಶಾಲೆಯಿಂದ ಹೊರಟ ಪ್ರವಾಸದ ಬಸ್ಸು ಮಲೆನಾಡನ್ನು ದಾಟಿ, ಘಟ್ಟವನ್ನಿಳಿದು, ಐನೂರು ಕಿಲೋಮೀಟರುಗಳ ಆಸುಪಾಸಿನ ಹಾದಿಯನ್ನು ಕ್ರಮಿಸಿ ಕಾರವಾರವನ್ನು ತಲಪಿದಾಗ ಮಕ್ಕಳಿಗೆ ಮೊದಲು ಕಾಣುವುದು ಕಡಲು; ಅದರ ಬೆನ್ನಿಗೇ ಕಾಣುವುದು, ಕಡಲಿನಲ್ಲಿರಬೇಕಾಗಿದ್ದೂ ನೆಲದ ಮೇಲೆ ನಿಂತಿರುವ ಒಂದು ಹಡಗು.

ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಕಡಲತೀರವದು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಇಲ್ಲಿಗೆ ಬಂದು ತಂಗಿದ್ದರು. ಆ ತೀರದಲ್ಲಿ ಗಟ್ಟಿಯಾದ ಪೀಠದ ಮೇಲೆ, ಅಲೆಗಳ ಕೈಗೆ ಎಟುಕದಂತೆ, ಬೂದುಬಣ್ಣದ 'ಚಪಲ್' ನೌಕೆಯನ್ನು ನಿಲ್ಲಿಸಲಾಗಿದೆ. 2006ರಿಂದ ಅದು ಯುದ್ಧನೌಕೆಯ ವಸ್ತುಸಂಗ್ರಹಾಲಯ. ಅದರ ಉದ್ದ 38.6 ಮೀಟರ್, ಅಗಲ 7.6 ಮೀಟರ್; ತೂಕ 245 ಟನ್. ಕನ್ನಡದ ಕಿವಿಗೆ ಈ ಹೆಸರು ಕೊಂಚ ತಮಾಷೆಯಾಗಿ ಕೇಳಿಸಬಹುದು. ಬಾಯಿಚಪಲ, ಮಾತಿನ ಚಪಲ ಎಂಬ ಪ್ರಯೋಗಗಳು ರೂಢಿಯಾಗಿರುವ ಭಾಷೆಯಲ್ಲಿ ಯುದ್ಧನೌಕೆಗೆ ಇದೆಂಥ ಹೆಸರು ಎನ್ನಿಸುವುದು ಸಹಜ. ಆದರೆ ಸಂಸ್ಕೃತದಲ್ಲಿ ಚಪಲವೆಂದರೆ ಚುರುಕಾದುದು, ವೇಗವುಳ್ಳದ್ದು. ಚಪಲಾ ಎಂದರೆ ಮಿಂಚು. ಗಂಟೆಗೆ ಅರುವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೀರನ್ನು ಸೀಳಿಕೊಂಡು ಹೋಗುತ್ತಿದ್ದ ನೌಕೆಗೆ ಅದು ಒಪ್ಪುವ ಹೆಸರೇ.

ಈ ನೌಕೆಯನ್ನು ಕುರಿತು ಪ್ರವಾಸಿಗರಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಹಬ್ಬಿದೆ. 1971ರ ಯುದ್ಧದಲ್ಲಿ ಕರಾಚಿ ಬಂದರಿಗೆ ಬೆಂಕಿಯಿಟ್ಟ ವೀರನೌಕೆ ಇದೇ ಎಂಬುದು ಆ ಮಾತು. ಪ್ರವಾಸದಿಂದ ಹಿಂದಿರುಗಿದ ವಿದ್ಯಾರ್ಥಿಗಳು ಬರೆಯುವ ವರದಿಗಳಲ್ಲಿಯೂ ಅದು ನುಸುಳುವುದುಂಟು. ಮಾತು ಸೊಗಸಾಗಿದೆ, ಆದರೆ ನಿಜವಲ್ಲ. ಚಪಲ್ ಭಾರತದ ನೌಕಾಪಡೆಯನ್ನು ಸೇರಿದ್ದು 1976ರ ನವೆಂಬರ್ 4ರಂದು. ಕರಾಚಿಯ ಕಾಳಗ ಮುಗಿದು ಆ ವೇಳೆಗೆ ಐದು ವರ್ಷಗಳಾಗುತ್ತ ಬಂದಿದ್ದವು. ಚಪಲ್ ಆ ಕದನದಲ್ಲಿ ಇರಲಿಲ್ಲ; ಇರಲು ಸಾಧ್ಯವೂ ಇರಲಿಲ್ಲ.

ಇಷ್ಟು ಚಿಕ್ಕ ತಪ್ಪಿಗೆ ಇಷ್ಟೊಂದು ಚರ್ಚೆ ಏಕೆ, ಹೇಗಿದ್ದರೂ ಅದೇ ಜಾತಿಯ ದೋಣಿಯಲ್ಲವೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಜಾತಿಯ ದೋಣಿಗಳ ಕಥೆಯನ್ನು ಸ್ವಲ್ಪ ತಿಳಿಯಬೇಕು.

ಕಡಲಿನ ಯುದ್ಧದಲ್ಲಿ ಬಹುಕಾಲ ದೊಡ್ಡದೇ ಬಲಿಷ್ಠವಾಗಿತ್ತು. ಹೆಚ್ಚು ಫಿರಂಗಿ, ಹೆಚ್ಚು ದಪ್ಪದ ಕವಚ, ಹೆಚ್ಚು ಭಾರದ ಹಡಗು ಯಾರ ಬಳಿ ಇದೆಯೋ ಕಡಲು ಅವರದು. ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಟಾರ್ಪಿಡೊ. ರಾಬರ್ಟ್ ವೈಟ್‌ಹೆಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1866ರಲ್ಲಿ ರೂಪಿಸಿದ ಆ ಅಸ್ತ್ರ ನೀರಿನೊಳಗೆ ತಾನೇ ಮೀನಿನಂತೆ ಸಾಗಿ ಹಡಗಿನ ಹೊಟ್ಟೆಗೆ ಬಡಿದು ಸಿಡಿಯುತ್ತಿತ್ತು. ಅದನ್ನು ಹೊತ್ತೊಯ್ಯಲು ದೊಡ್ಡ ಹಡಗು ಬೇಕಿರಲಿಲ್ಲ. ವೇಗದ ಒಂದು ಪುಟ್ಟ ದೋಣಿ ಸಾಕಾಗಿತ್ತು. 1876ರಲ್ಲಿ ಬ್ರಿಟನ್ನಿನ ನೌಕಾಪಡೆಗಾಗಿ ಕಟ್ಟಿದ 'ಲೈಟ್ನಿಂಗ್' ಇಂಥ ಟಾರ್ಪಿಡೊ ದೋಣಿಗಳಿಗೆ ನಾಂದಿ ಹಾಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇವು ಹಲವು ರಾಷ್ಟ್ರಗಳಲ್ಲಿ ನೂರುಗಟ್ಟಲೆಯಾಗಿ ತಯಾರಾದವು. ಮರದ ಮೈ, ಪ್ರಬಲವಾದ ಎಂಜಿನ್, ಹತ್ತು ಹದಿನೈದು ಮಂದಿ ನಾವಿಕರು. ಕತ್ತಲಲ್ಲಿ ನುಗ್ಗಿ, ಟಾರ್ಪಿಡೊ ಬಿಟ್ಟು, ಬೆಳಕು ಹರಿಯುವುದರೊಳಗೆ ಪಾರಾಗುವುದು ಅವುಗಳ ಯುದ್ಧರೀತಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರು 1943ರಲ್ಲಿ ಇಂಥದೊಂದು ದೋಣಿಯ ದಳಪತಿಯಾಗಿದ್ದರು. ಜಪಾನಿನ ಯುದ್ಧನೌಕೆಯೊಂದು ಇರುಳಿನಲ್ಲಿ ಅದಕ್ಕೆ ಡಿಕ್ಕಿ ಹೊಡೆದು ಎರಡು ಹೋಳು ಮಾಡಿತು; ಉಳಿದವರು ಈಜಿ ದ್ವೀಪವೊಂದನ್ನು ಸೇರಿದರು. ಇಷ್ಟರಿಂದಲೇ ಆ ದೋಣಿಗಳ ಬಲವೆಷ್ಟು, ಬಡತನವೆಷ್ಟು ಎಂಬುದು ತಿಳಿಯುತ್ತದೆ. ಹೊಡೆಯುವ ಶಕ್ತಿ ಅವಕ್ಕೆ ಬೇಕಾದಷ್ಟಿತ್ತು. ಹೊಡೆತ ತಿನ್ನುವ ಶಕ್ತಿ ಸ್ವಲ್ಪವೂ ಇರಲಿಲ್ಲ.

ಯುದ್ಧಾನಂತರ ಸೋವಿಯತ್ ಒಕ್ಕೂಟದ ತಂತ್ರಜ್ಞರು ಟಾರ್ಪಿಡೊ ದೋಣಿಯ ಮೈಯ ಮೇಲೆ ಟಾರ್ಪಿಡೊಗೆ ಬದಲಾಗಿ ಕ್ಷಿಪಣಿಗಳನ್ನು ಏರಿಸಿದರು. ಹೀಗೆ ಹುಟ್ಟಿದ್ದು ಕ್ಷಿಪಣಿ ದೋಣಿ. ಟಾರ್ಪಿಡೊ ದೋಣಿ ಶತ್ರುವಿನ ತೀರ ಸಮೀಪಕ್ಕೆ ಹೋಗಬೇಕಾಗಿತ್ತು; ಕ್ಷಿಪಣಿ ದೋಣಿ ನಲವತ್ತು ಕಿಲೋಮೀಟರ್ ದೂರದಿಂದಲೇ ಅರ್ಧ ಟನ್ನಿನಷ್ಟು ಸಿಡಿತಲೆಯನ್ನು ಎಸೆಯಬಲ್ಲುದಾಗಿತ್ತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಇಂಥ ಪುಟ್ಟ ದೋಣಿಗಳು ಇಸ್ರೇಲಿನ 'ಐಲಾತ್' ಎಂಬ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಿದಾಗ ಜಗತ್ತಿನ ನೌಕಾಪಡೆಗಳೆಲ್ಲ ಬೆಚ್ಚಿ ಎದ್ದು ಕುಳಿತವು. ಇದೇ ವಂಶದ, ಆದರೆ ಇನ್ನಷ್ಟು ದೊಡ್ಡದಾದ ದೋಣಿಗಳನ್ನು ಪಾಶ್ಚಾತ್ಯರು 'ಒಸಾ' ಎಂದು ಕರೆದರು. ರಷ್ಯನ್ ಭಾಷೆಯಲ್ಲಿ ಆ ಪದಕ್ಕೆ ಕಣಜದ ಹುಳು ಎಂದು ಅರ್ಥ. ಮೈಗಿಂತ ಕೊಂಡಿಯೇ ಬಲವಾದ ಜೀವಿಯ ಹೆಸರನ್ನು ಆರಿಸಿದವರು ರಸಿಕರೇ ಇರಬೇಕು.

ಭಾರತ ಇಂಥ ಎಂಟು ದೋಣಿಗಳನ್ನು ಕೊಂಡಿತು. 1971ರಲ್ಲಿ ಅವು ಬಂದಾಗ ಅಷ್ಟು ಭಾರವನ್ನು ಎತ್ತಿ ಇಳಿಸಬಲ್ಲ ಕ್ರೇನು ಮುಂಬಯಿಯಲ್ಲಿ ಇಲ್ಲದ ಕಾರಣ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಇಡೀ ದಕ್ಷಿಣದ ಕರಾವಳಿಯನ್ನು ಸುತ್ತಿಸಿ, ಬೇರೆ ಹಡಗುಗಳಿಗೆ ಕಟ್ಟಿ ಎಳೆದು ಮುಂಬಯಿಗೆ ತರಬೇಕಾಯಿತು. ಅವನ್ನು ನಡೆಸುವವರು ಸೋವಿಯತ್ ದೇಶಕ್ಕೆ ಹೋಗಿ, ರಷ್ಯನ್ ಭಾಷೆಯನ್ನೂ ಕಲಿತು ಬಂದಿದ್ದರು. ಆ ವರ್ಷದ ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಮೂರು ದೋಣಿಗಳು ಕಿಲ್ತಾನ್ ಮತ್ತು ಕಚಲ್ ನೌಕೆಗಳೊಡನೆ ಕರಾಚಿಯತ್ತ ಸಾಗಿದವು. ದಳದ ನಾಯಕರು ಕಮಾಂಡರ್ ಬಬ್ರುಭಾನ್ ಯಾದವ್. ನಿರ್ಘಾತದ ಕ್ಷಿಪಣಿಗಳು ಪಾಕಿಸ್ತಾನದ 'ಖೈಬರ್' ನೌಕೆಯನ್ನೂ ವೀರ್‌ನ ಕ್ಷಿಪಣಿ 'ಮುಹಾಫಿಜ್' ಎಂಬ ನೌಕೆಯನ್ನೂ ಮುಳುಗಿಸಿದವು. ಸಂಭಾಷಣೆ ಶತ್ರುವಿಗೆ ತಿಳಿಯದಿರಲೆಂದು ನಾವಿಕರು ತಮ್ಮತಮ್ಮಲ್ಲಿ ರಷ್ಯನ್ ಭಾಷೆಯಲ್ಲಿ ಮಾತನಾಡಿದರು. ನಾಲ್ಕು ದಿನಗಳ ಬಳಿಕ 'ವಿನಾಶ್' ಎಂಬ ಇನ್ನೊಂದು ದೋಣಿ ಎರಡು ಫ್ರಿಗೇಟುಗಳ ಬೆಂಬಲದೊಡನೆ ಹೋಗಿ ಕರಾಚಿಯ ಎಣ್ಣೆಯ ಕೊಠಾರಗಳಿಗೆ ಬೆಂಕಿ ಹಚ್ಚಿತು. ಡಿಸೆಂಬರ್ 4ನ್ನು ಭಾರತದಲ್ಲಿ ನೌಕಾದಿನವೆಂದು ಆಚರಿಸುವುದು ಈ ಕಾರಣದಿಂದ.

ಜಯದ ಕಥೆ ಇಷ್ಟಕ್ಕೇ ಮುಗಿದರೆ ಅದು ಅರ್ಧ ಕಥೆ. ಖೈಬರ್ ಮುಳುಗಿದಾಗ ಇನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಅದೇ ಡಿಸೆಂಬರ್ 9ರ ರಾತ್ರಿ ದೀವ್ ದ್ವೀಪದ ಸಮೀಪದಲ್ಲಿ ಭಾರತದ 'ಖುಕ್ರಿ' ಪಾಕಿಸ್ತಾನದ ಜಲಾಂತರ್ಗಾಮಿಯೊಂದರ ಟಾರ್ಪಿಡೊಗೆ ಬಲಿಯಾಯಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಅದರೊಡನೆ ಕಡಲಿನ ಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಒಂದೇ ವಾರದೊಳಗೆ ಎರಡು ದೇಶಗಳ ಎಷ್ಟೋ ಮನೆಗಳಿಗೆ ಕತ್ತಲೆ ಕವಿಯಿತು. ವಸ್ತುಸಂಗ್ರಹಾಲಯದಲ್ಲಿ ನಿಂತು ಕ್ಷಿಪಣಿಯ ಮಾದರಿಯನ್ನು ಮುಟ್ಟಿ ನೋಡುವ ಬಾಲಕನಿಗೆ ಇದೂ ತಿಳಿದಿರಬೇಕು.

ಚಪಲ್ ಈ ಕಥೆಗೆ ಸೇರಿದುದಲ್ಲ. ಯುದ್ಧದ ಅನುಭವದಿಂದ ಉತ್ತೇಜನಗೊಂಡ ಭಾರತ ಅದೇ ಮಾದರಿಯ ಸುಧಾರಿಸಿದ ಎಂಟು ದೋಣಿಗಳನ್ನು 1976-77ರಲ್ಲಿ ತರಿಸಿಕೊಂಡಿತು. ಚಪಲ್ ಅವುಗಳಲ್ಲಿ ಒಂದು. ನಾಲ್ಕು ಕ್ಷಿಪಣಿಗಳನ್ನೂ ಎರಡು ಜೋಡಿ ಫಿರಂಗಿಗಳನ್ನೂ ಮೂರು ಡೀಸೆಲ್ ಎಂಜಿನ್ನುಗಳನ್ನೂ ಹೊತ್ತು, ಮೂವತ್ತರ ಆಸುಪಾಸಿನ ಸಂಖ್ಯೆಯ ನಾವಿಕರನ್ನು ಕೂಡಿಕೊಂಡು ಅದು 2005ರ ಮೇ 5ರವರೆಗೆ, ಎಂದರೆ ಇಪ್ಪತ್ತೆಂಟೂವರೆ ವರ್ಷ, ಸೇವೆ ಸಲ್ಲಿಸಿತು. ಆ ಅವಧಿಯಲ್ಲಿ ಶತ್ರುನೌಕೆಯೊಂದಕ್ಕೆ ಎದುರಾಗಿ ನಿಂತು ಕಾದಾಡುವ ಪ್ರಸಂಗ ಭಾರತದ ನೌಕಾಪಡೆಗೆ ಒದಗಲಿಲ್ಲ.

ಇದು ಕೀರ್ತಿಯ ವಿಷಯವಲ್ಲವೆ? ಹೊಲದ ಬದುವಿನ ಅಟ್ಟಣೆಯ ಮೇಲೆ ಕುಳಿತು ಇರುಳೆಲ್ಲ ಎಚ್ಚರವಿದ್ದ ಕಾವಲುಗಾರನನ್ನು, ರಾತ್ರಿ ಹಂದಿ ಬರಲಿಲ್ಲವೆಂಬ ಕಾರಣಕ್ಕೆ, ಕೆಲಸ ಮಾಡಲಿಲ್ಲವೆಂದು ಯಾವ ರೈತನೂ ಹೇಳುವುದಿಲ್ಲ. ಬಾರದೆ ಹೋದ ಹಂದಿಗೂ ಆ ಕಾವಲಿಗೂ ಸಂಬಂಧವುಂಟೆಂಬುದು ಅವನಿಗೆ ಗೊತ್ತು. ಚಪಲ್ ಅಂಥ ಕಾವಲುಗಾರ. ಬೇಸಗೆಯಲ್ಲಿ ಕಾದ ಉಕ್ಕಿನ ಒಡಲೊಳಗೆ, ಮಳೆಗಾಲದಲ್ಲಿ ಹುಚ್ಚೆದ್ದ ಕಡಲಿನ ಮೇಲೆ ಅದರ ನಾವಿಕರು ಸವೆಸಿದ ವರ್ಷಗಳಿಗೆ ತಮ್ಮದೇ ಆದ ಬೆಲೆಯಿದೆ. ಅವರ ಸೇವೆಗೆ ಇನ್ನೊಬ್ಬರ ಪದಕವನ್ನು ಎರವಲು ತಂದು ತೊಡಿಸುವುದು ಅವರಿಗೆ ಮಾಡುವ ಗೌರವವಲ್ಲ. ನಿರ್ಘಾತ್, ನಿಪಾತ್, ವೀರ್ ದೋಣಿಗಳನ್ನೇರಿ ಪ್ರಾಣದ ಹಂಗುತೊರೆದು ಹೋದವರಿಗಂತೂ ಅದು ಅನ್ಯಾಯವೇ ಸರಿ. ಆ ಹೆಸರುಗಳನ್ನು ನೌಕಾಪಡೆ ಮರೆಯಲಿಲ್ಲ. ಮುಂದೆ ಬಂದ ಹೊಸ ನೌಕೆಗಳಿಗೆ ಅವನ್ನೇ ಇಟ್ಟಿತು. ಪ್ರವಾಸಿಗರ ಬಾಯಲ್ಲಿ ಮಾತ್ರ ಅವು ಅಳಿಸಿಹೋಗಿ ಎಲ್ಲ ಯಶಸ್ಸೂ ಕಣ್ಣೆದುರಿಗಿರುವ ಒಂದೇ ನೌಕೆಯ ಲೆಕ್ಕಕ್ಕೆ ಜಮೆಯಾಗುತ್ತಿದೆ.

ಕಾರವಾರಕ್ಕೆ ವೀರಕಥೆಗಳ ಬಡತನವಿದ್ದಿದ್ದರೆ ಎರವಲಿನ ಮಾತನ್ನು ಕ್ಷಮಿಸಬಹುದಿತ್ತೇನೋ. ಆದರೆ ಚಪಲ್ ನಿಂತಿರುವ ಎಡೆಯಲ್ಲೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. ಕಾರವಾರದ ನೆರೆಯ ಚೆಂಡಿಯಾ ಗ್ರಾಮದವರಾದ ಅವರು 1948ರ ಏಪ್ರಿಲ್ ತಿಂಗಳಿನಲ್ಲಿ ಜಮ್ಮು ಪ್ರಾಂತದ ನೌಶೇರಾ-ರಾಜೌರಿ ದಾರಿಯಲ್ಲಿ ಶತ್ರುಗಳ ಗುಂಡಿನ ಮಳೆಯ ನಡುವೆ ಹೂತಿಟ್ಟ ಸಿಡಿಗುಂಡುಗಳನ್ನು ತೆಗೆದು ಸೈನ್ಯಕ್ಕೆ ಹಾದಿ ಮಾಡಿಕೊಟ್ಟರು. ಪರಮವೀರಚಕ್ರವನ್ನು ಬದುಕಿರುವಾಗಲೇ ಪಡೆದರು. ಅದೇ ಕಾರವಾರದ ಕಡಲಿನಲ್ಲಿ ಅಂಜದೀವ್ ದ್ವೀಪವಿದೆ. 1961ರ ಡಿಸೆಂಬರ್ 18ರಂದು, ಗೋವೆಯ ವಿಮೋಚನೆಯ ಸಂದರ್ಭದಲ್ಲಿ, ಆ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳಲು ಇಳಿದ ಭಾರತೀಯ ನಾವಿಕರಲ್ಲಿ ಏಳು ಮಂದಿ ಹತರಾದರು. ಕರಾಚಿಯ ಮಾತನ್ನು ಕೇಳಿ ಹಿಗ್ಗುವ ಎಷ್ಟು ಪ್ರವಾಸಿಗರಿಗೆ ಅಂಜದೀವಿನ ಹೆಸರು ತಿಳಿದಿದೆ? ದೂರದ ಜಯಘೋಷದ ಗದ್ದಲದಲ್ಲಿ ಹತ್ತಿರದ ತ್ಯಾಗ ಕೇಳಿಸದೆ ಹೋಗಿದೆ.

ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಈ ವಿಷಯ ಬೇರೆಯವರಿಗಿಂತ ಸುಲಭವಾಗಿ ಅರ್ಥವಾಗಬೇಕು. ಅವರು ನಿತ್ಯ ಓಡಾಡುವುದು ಯುದ್ಧಗಳು ನಡೆದ ನೆಲದಲ್ಲಿ. ಪಾಂಡವಪುರದ ಹಳೆಯ ಹೆಸರುಗಳಲ್ಲಿ ಫ್ರೆಂಚ್ ರಾಕ್ಸ್ ಎಂಬುದೂ ಒಂದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರದು. ಅದೇ ತಾಲ್ಲೂಕಿನ ಚಿನಕುರಳಿಯ ಬಯಲಿನಲ್ಲಿ 1771ರಲ್ಲಿ ಮರಾಠರ ಕೈಯಲ್ಲಿ ಹೈದರನ ಸೇನೆ ಸೋತಿತು. ಶ್ರೀರಂಗಪಟ್ಟಣದ ಮಾತಂತೂ ಹೇಳಬೇಕಾದುದೇ ಇಲ್ಲ. ಇಲ್ಲಿ ತಯಾರಾಗಿ ಹಾರಿದ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು 1799ರ ಬಳಿಕ ಇಂಗ್ಲೆಂಡಿಗೆ ಒಯ್ದು ಪರೀಕ್ಷಿಸಿ ಅಲ್ಲಿನವರು ತಮ್ಮದೇ ರಾಕೆಟ್ಟುಗಳನ್ನು ಬೆಳೆಸಿದರು. ಅಬ್ದುಲ್ ಕಲಾಂ ಅವರು ಅಮೆರಿಕದ ವಾಲಪ್ಸ್ ದ್ವೀಪದ ಬಾಹ್ಯಾಕಾಶ ಕೇಂದ್ರದ ಗೋಡೆಯ ಮೇಲೆ ಕಂಡ ಚಿತ್ರದಲ್ಲಿದ್ದುದು ಟಿಪ್ಪುವಿನ ಸೈನಿಕರು ಬಿಡುತ್ತಿದ್ದ ಆ ರಾಕೆಟ್ಟುಗಳೇ. ಚಪಲ್ ಹೊತ್ತ ಕ್ಷಿಪಣಿಯ ದೂರದ ಅಜ್ಜ ಕಾವೇರಿಯ ದ್ವೀಪದಲ್ಲಿ ಆಡಿ ಬೆಳೆದವನು ಎಂದರೆ ತೀರ ಅತಿಶಯೋಕ್ತಿಯಾಗದು.

ಇನ್ನೂ ಒಂದು ನಂಟು ಇದೆ. ಕಡಲೇ ಇಲ್ಲದ ಶ್ರೀರಂಗಪಟ್ಟಣದಲ್ಲಿ ಕುಳಿತು ಟಿಪ್ಪು ಸುಲ್ತಾನ್ 18ನೆಯ ಶತಮಾನದ ಕೊನೆಯಲ್ಲಿ ನೌಕಾಪಡೆಯೊಂದನ್ನು ಕಟ್ಟಲು ಯೋಜಿಸಿದನು. 20 ದೊಡ್ಡ ಯುದ್ಧನೌಕೆಗಳು, 20 ಫ್ರಿಗೇಟುಗಳು, ಮಂಗಳೂರು ಮೊದಲಾದ ಕರಾವಳಿಯ ಎಡೆಗಳಲ್ಲಿ ಹಡಗುಕಟ್ಟೆಗಳು, ಮೇಲ್ವಿಚಾರಣೆಗೆ ಒಂದು ಮಂಡಲಿ - ಎಲ್ಲವನ್ನೂ ವಿವರವಾಗಿ ಬರೆಯಿಸಿದನು. 1799ರ ಮೇ 4ರಂದು ಕೋಟೆ ಬಿದ್ದಿತು. ಯೋಜನೆ ಕಾಗದದಲ್ಲಿ ಉಳಿಯಿತು. ಅಂದು ಕಟ್ಟಿದವುಗಳಲ್ಲಿ ಇಂದು ಹತ್ತಿ ನೋಡಲು ಒಂದು ಹಡಗೂ ಇಲ್ಲ. ಕಲ್ಲಿನ ಕೋಟೆ ಶಿಥಿಲವಾಗಿಯಾದರೂ ನಿಂತಿದೆ. ಮರದ ಹಡಗು ನಿಲ್ಲಲಿಲ್ಲ.

ಉಳಿಸಬೇಕೆಂಬ ಮನಸ್ಸಿದ್ದರೆ ಏನೆಲ್ಲ ಸಾಧ್ಯವೆಂಬುದನ್ನೂ ಈ ಸೀಮೆ ಕಂಡಿದೆ. ಶ್ರೀರಂಗಪಟ್ಟಣದ ರೈಲುನಿಲ್ದಾಣದ ಬಳಿಯಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರ ಜೋಡಿ ರೈಲುಮಾರ್ಗಕ್ಕೆ ಅಡ್ಡವಾಯಿತು. ಅದನ್ನು ಕೆಡವಿದ್ದರೆ ಕೆಲಸ ಎರಡು ದಿನದ್ದು. ಹಾಗೆ ಮಾಡದೆ, ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡದ ಅಡಿಪಾಯವನ್ನು ಬಿಡಿಸಿ, ಉಕ್ಕಿನ ತೊಲೆಗಳ ಮೇಲೆ ಕೂರಿಸಿ, ದ್ರವದ ಒತ್ತಡದಿಂದ ಕೆಲಸ ಮಾಡುವ ಜಾಕುಗಳ ನೆರವಿನಿಂದ 2017ರಲ್ಲಿ ಸುಮಾರು 130 ಮೀಟರ್ ದೂರಕ್ಕೆ ಇಡಿಯಾಗಿ ಸರಿಸಲಾಯಿತು. ಕನ್ನಂಬಾಡಿಯ ಹಿನ್ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದೂ ಇಂಥದೇ ಸಾಹಸ. ಆದರೆ ಸಾಹಸದ ದಿನ ನೆರೆದ ಜನ ಮರುದಿನ ಬರುವುದಿಲ್ಲ. ಸರಿಸಿದ ಶಸ್ತ್ರಾಗಾರದ ಸುತ್ತ ಬೆಳೆಯುವ ಮುಳ್ಳುಗಿಡವನ್ನು ವರ್ಷ ವರ್ಷ ಕಡಿಯಬೇಕಲ್ಲ, ಆ ಕೆಲಸಕ್ಕೆ ಚಪ್ಪಾಳೆಯಿಲ್ಲ.

ಕಲ್ಲಿನ ಪಾಡೇ ಹೀಗಾದರೆ ಉಕ್ಕಿನ ಪಾಡೇನು? ನಾಗಮಂಗಲದ ಹಿತ್ತಾಳೆ ಕೆಲಸ ಹಿಂದಿನಿಂದ ಹೆಸರಾದುದು; ಉಪ್ಪುನೀರು ಲೋಹಕ್ಕೆ ಏನು ಮಾಡುತ್ತದೆಂಬುದನ್ನು ಅಲ್ಲಿನ ಕುಶಲಕರ್ಮಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಡಗು ಸೇವೆಯಲ್ಲಿರುವಾಗ ಅದಕ್ಕೊಂದು ಸಂಸಾರವಿರುತ್ತದೆ. ನಾವಿಕರು ಬಿಡುವಿನ ವೇಳೆಯಲ್ಲೆಲ್ಲ ತುಕ್ಕನ್ನು ಕೆರೆದು ಬಣ್ಣ ಬಳಿಯುತ್ತಲೇ ಇರುತ್ತಾರೆ. ಗೊತ್ತಾದ ಅವಧಿಗೊಮ್ಮೆ ಹಡಗು ಹಡಗುಕಟ್ಟೆಗೆ ಹೋಗಿ ದುರಸ್ತಿಯಾಗಿ ಬರುತ್ತದೆ. ವಸ್ತುಸಂಗ್ರಹಾಲಯವಾದ ಹಡಗಿನಿಂದ ಆ ಸಂಸಾರ ಇಳಿದುಹೋಗಿರುತ್ತದೆ. ಚಪಲ್‌ನ ಒಳಗೆ ಈಗ ಇರುವವರು ಕಪ್ತಾನ, ವೈದ್ಯ, ಫಿರಂಗಿ ಹಾರಿಸುವವ ಮುಂತಾದವರ ಬೊಂಬೆಗಳು. ಬೊಂಬೆಗಳು ಬಣ್ಣ ಬಳಿಯುವುದಿಲ್ಲ. ಎದುರಿಗಿರುವ ಅರಬ್ಬೀ ಸಮುದ್ರ ಮಾತ್ರ ಹಗಲಿರುಳೂ ಉಪ್ಪಿನ ಗಾಳಿಯನ್ನು ಬೀಸುತ್ತಲೇ ಇರುತ್ತದೆ.

'ವಿಕ್ರಾಂತ್' ಹಡಗಿನ ಗತಿ ಇದಕ್ಕೆ ನಿದರ್ಶನ. ಭಾರತದ ಮೊದಲ ವಿಮಾನವಾಹಕ ನೌಕೆಯಾದ ಅದು ನಿಜವಾಗಿಯೂ 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿತ್ತು. 1997ರಲ್ಲಿ ನಿವೃತ್ತವಾದ ಮೇಲೆ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿ ಜನರನ್ನು ಕರೆಯಿತು. ಜನ ಬಂದರು, ಕೊಂಡಾಡಿದರು. ಅದರ ಶಾಶ್ವತ ರಕ್ಷಣೆಗೆ ಬೇಕಾದ ಹಣದ ಹೊಣೆ ಮಾತ್ರ ಯಾರ ಹೆಗಲಿಗೂ ಗಟ್ಟಿಯಾಗಿ ಅಂಟಲಿಲ್ಲ. ಒಡಲು ಶಿಥಿಲವಾಗಿ, ಹತ್ತುವುದು ಅಪಾಯವೆಂದು 2012ರಲ್ಲಿ ಬಾಗಿಲು ಮುಚ್ಚಲಾಯಿತು. 2014ರಲ್ಲಿ ಅದು ಗುಜರಿಗೆ ಮಾರಾಟವಾಗಿ ತುಂಡುತುಂಡಾಯಿತು. ಅದರ ಉಕ್ಕಿನ ಒಂದಂಶ ಮೋಟಾರ್ ಸೈಕಲುಗಳ ತಯಾರಿಕೆಗೆ ಹೋಯಿತು. ಇದೂ ಒಂದು ಬಗೆಯ ಪುನರ್ಜನ್ಮವೆಂದು ಸಮಾಧಾನ ಹೇಳಿಕೊಂಡವರುಂಟು. ಮೋಟಾರ್ ಸೈಕಲನ್ನು ನೋಡಿ ವಿಮಾನವಾಹಕ ನೌಕೆಯನ್ನು ಊಹಿಸಿಕೊಳ್ಳುವುದು ಕಷ್ಟ.

ಇದಕ್ಕೆ ಎದುರಾಗಿ ಅಮೆರಿಕದ ಒಂದು ಟಾರ್ಪಿಡೊ ದೋಣಿಯ ಕಥೆಯನ್ನಿಟ್ಟು ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕಾದಿದ 'ಪಿಟಿ-305' ಎಂಬ ಆ ದೋಣಿ ಯುದ್ಧ ಮುಗಿದ ಮೇಲೆ ಮಾರಾಟವಾಗಿ, ಪ್ರವಾಸಿಗರನ್ನು ಸುತ್ತಾಡಿಸಿತು. ಆಮೇಲೆ ಸಿಂಪಿ ಹಿಡಿಯುವವರ ದೋಣಿಯಾಯಿತು. ಅವರ ಅನುಕೂಲಕ್ಕಾಗಿ ಅದರ ಹಿಂಭಾಗವನ್ನು ಕತ್ತರಿಸಿದ್ದೂ ಆಯಿತು. ಹೀಗೆ ಅಂಗಭಂಗವಾಗಿದ್ದ ದೋಣಿಯನ್ನು 2007ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ವಸ್ತುಸಂಗ್ರಹಾಲಯವೊಂದು ತನ್ನ ವಶಕ್ಕೆ ತೆಗೆದುಕೊಂಡಿತು. ಆ ದೋಣಿ ಹುಟ್ಟಿದ್ದು ಅದೇ ಊರಿನಲ್ಲಿ. ಸ್ವಯಂಸೇವಕರು ವರ್ಷಗಟ್ಟಲೆ ದುಡಿದು, ಹಳೆಯ ನಕ್ಷೆಗಳನ್ನು ಹುಡುಕಿ, ಮರದ ಮೈಯನ್ನು ಮರಳಿ ಕಟ್ಟಿದರು. 2017ರಲ್ಲಿ ಅದು ಜನರನ್ನು ಕೂರಿಸಿಕೊಂಡು ಮತ್ತೆ ನೀರಿನ ಮೇಲೆ ಓಡಿತು. ಹಣವಂತರ ದೇಶ, ಅವರಿಗೆ ಏನಾದರೂ ಸಾಧ್ಯ ಎನ್ನಬಹುದು. ಆದರೆ ಅಲ್ಲಿ ಹಣಕ್ಕಿಂತ ಹೆಚ್ಚಾಗಿ ಖರ್ಚಾದುದು ಜನರ ಬಿಡುವಿನ ವೇಳೆ. ಬಡಗಿ, ಬಣ್ಣಗಾರ, ನಿವೃತ್ತ ಎಂಜಿನಿಯರ್, ಹಳೆಯ ನಾವಿಕ ಇವರು ಕಾರವಾರದಲ್ಲಿಯೂ ಇದ್ದಾರೆ.

ಕೊಲ್ಲುವ ಯಂತ್ರವನ್ನು ಮಕ್ಕಳ ಮುಂದೆ ಆಟದ ವಸ್ತುವಿನಂತೆ ನಿಲ್ಲಿಸುವುದೇ ತರವಲ್ಲ ಎಂಬ ಆಕ್ಷೇಪಣೆಯೂ ಇದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಫಿರಂಗಿಯ ನಳಿಗೆಯನ್ನು ತಬ್ಬಿ ಚಿತ್ರ ತೆಗೆಸಿಕೊಂಡು, ತಿಂಡಿಯ ಪೊಟ್ಟಣವನ್ನು ಅಲ್ಲೇ ಎಸೆದು ಬರುವುದಕ್ಕಷ್ಟೇ ಈ ನೌಕೆ ಇದೆಯೆಂದಾದರೆ, ಆಕ್ಷೇಪಿಸುವವರ ಮಾತೇ ಸರಿ. ಆದರೆ ಯುದ್ಧದ ಸಾಧನಗಳನ್ನು ಬಚ್ಚಿಡುವುದರಿಂದ ಯುದ್ಧ ಇಲ್ಲವಾಗುವುದಿಲ್ಲ. ಮಂದಿ ಮೂವತ್ತು ಜನ ಮಲಗಿ ಏಳುತ್ತಿದ್ದ ಇಕ್ಕಟ್ಟಾದ ಗೂಡನ್ನು ಕಣ್ಣಾರೆ ಕಂಡ ಹುಡುಗನಿಗೆ ಯುದ್ಧವೆಂದರೆ ಚಲನಚಿತ್ರದ ಹೊಡೆದಾಟವಲ್ಲವೆಂಬುದು, ಹೇಳುವ ರೀತಿಯಲ್ಲಿ ಹೇಳಿದರೆ, ತಿಳಿಯುತ್ತದೆ. ಶ್ರೀರಂಗಪಟ್ಟಣದ ಬೈಲಿಯ ಸೆರೆಮನೆಯಲ್ಲಿಯೂ ಇದೇ ಪಾಠವಿದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ 1782ರಲ್ಲಿ ಸೆರೆಯಲ್ಲೇ ತೀರಿಹೋದ ಕರ್ನಲ್ ಬೈಲಿಯ ಹೆಸರು ಅದಕ್ಕಿದೆ. ಕೈದಿಗಳನ್ನು ಅಲ್ಲಿ ನೀರಿನಲ್ಲಿ ನಿಲ್ಲಿಸುತ್ತಿದ್ದರೆಂಬ ಕಥೆಯ ನೀರಿನ ಮಟ್ಟ ಹೇಳುವವರ ಉತ್ಸಾಹಕ್ಕೆ ತಕ್ಕಂತೆ ಮೊಣಕಾಲಿನಿಂದ ಕೊರಳಿನವರೆಗೆ ಏರಿಳಿಯುತ್ತದೆ. ಕಮಾನಿನ ಕತ್ತಲು, ಗೋಡೆಯ ಕಲ್ಲಿನಲ್ಲಿ ಸರಪಳಿಗಾಗಿ ಕೊರೆದ ತೂತುಗಳು, ಅಲ್ಲೇ ಬಿದ್ದಿರುವ ಫಿರಂಗಿ ಇವು ತಾವೇ ಸಾಕಷ್ಟು ಹೇಳುತ್ತಿರುವಾಗ ಆ ನೀರನ್ನು ಏರಿಸುವ ಅಗತ್ಯವೇನಿದೆ?

ಚಪಲ್‌ನ ಮಟ್ಟಿಗೆ ಆಗಬೇಕಾದ ಕೆಲಸಗಳು ದೊಡ್ಡವಲ್ಲ. ನೌಕೆಯನ್ನು ಹತ್ತುವ ಮೆಟ್ಟಿಲಿನ ಬಳಿ ಅದು ಎಂದು ಸೇವೆಗೆ ಸೇರಿತು, ಎಂದು ನಿವೃತ್ತವಾಯಿತು, 1971ರ ಕದನದಲ್ಲಿ ಇದ್ದ ದೋಣಿಗಳು ಯಾವುವು ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಬೇಕು. ಖುಕ್ರಿಯ ಹೆಸರೂ ಅಂಜದೀವಿನಲ್ಲಿ ಮಡಿದ ಏಳು ಮಂದಿಯ ನೆನಪೂ ಅಲ್ಲಿರಬೇಕು. ಬಣ್ಣಕ್ಕೂ ದುರಸ್ತಿಗೂ ಪ್ರತಿವರ್ಷ ಹಣವನ್ನು ತಪ್ಪದೆ ತೆಗೆದಿರಿಸಬೇಕು. ವರ್ಷಕ್ಕೊಂದು ಹೊಸ ಆಕರ್ಷಣೆಯನ್ನು ತಂದು ನಿಲ್ಲಿಸುವುದಕ್ಕಿಂತ ಇದು ಮುಖ್ಯ. ನೌಕೆಯ ನೆರೆಯಲ್ಲಿ ಈಗ ನೌಕಾಪಡೆಯ ಟುಪೊಲೆವ್ ವಿಮಾನವೊಂದೂ ಬಂದು ನಿಂತಿದೆ; ಉಪ್ಪಿನ ಗಾಳಿಗೆ ಅದೂ ಮೈಯೊಡ್ಡಿದೆ. ಒಳನಾಡಿನ ಶಾಲೆಗಳ ಉಪಾಧ್ಯಾಯರು ಬಸ್ಸು ಹೊರಡುವ ಮುನ್ನ ಒಂದು ಗಂಟೆಯನ್ನು ಈ ನೌಕೆಗಾಗಿ ಮೀಸಲಿಟ್ಟರೆ ಮಕ್ಕಳು ಕಾರವಾರದಲ್ಲಿ ನೋಡುವುದು ಬೇರೆಯೇ ಆಗಿರುತ್ತದೆ.

ತಡಮಾಡಲಾಗದ ಕೆಲಸ ಇನ್ನೊಂದಿದೆ. 1976ರಲ್ಲಿ ಇಪ್ಪತ್ತರ ಹರೆಯದಲ್ಲಿ ಚಪಲ್ ಏರಿದ ನಾವಿಕನಿಗೆ ಈಗ ಎಪ್ಪತ್ತರ ಆಸುಪಾಸು. ಅವನಂಥವರನ್ನು ಹುಡುಕಿ, ಅವರ ಮಾತನ್ನು ಬರೆದಿಟ್ಟು, ಧ್ವನಿಮುದ್ರಿಸಿ, ನೌಕೆಯೊಳಗೆ ಕೇಳುವಂತೆ ಮಾಡಬೇಕು. ಮೂರು ಎಂಜಿನ್ನುಗಳು ಒಟ್ಟಿಗೆ ಮೊಳಗುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿತ್ತೆ, ಅಲೆಯೆದ್ದ ದಿನ ಅಡುಗೆಯವನು ಸಾರಿನ ಪಾತ್ರೆಯನ್ನು ಹೇಗೆ ಹಿಡಿದುಕೊಳ್ಳುತ್ತಿದ್ದ, ಕಾವಲಿನ ನಡುರಾತ್ರಿ ದೂರದಲ್ಲಿ ಕಂಡ ದೀಪ ಮೀನುಗಾರನದೋ ಶತ್ರುವಿನದೋ ಎಂದು ತಿಳಿಯುವುದಕ್ಕೆ ಮುಂಚಿನ ಆ ಎರಡು ನಿಮಿಷಗಳು ಹೇಗಿರುತ್ತಿದ್ದವು - ಇವನ್ನು ಹೇಳಬಲ್ಲವರು ಅವರು ಮಾತ್ರ.